ನೂರನಲವತ್ತು ಅಕ್ಷರಗಳ ತರಗತಿ

"ಅರ್ಥವಾಯಿತೇ?"

ಸುಮಾರು ಮೂರು ದಶಕಗಳ ಅಧ್ಯಾಪನದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಇದೇ ಇರಬೇಕು. ಉತ್ತರವೂ ಸಾಮಾನ್ಯವಾಗಿ ಒಂದೇ. ಮುಂದಿನ ಸಾಲಿನಲ್ಲಿ ನಾಲ್ಕು ತಲೆಗಳು ಅಲ್ಲಾಡುತ್ತವೆ, ಉಳಿದ ಎಪ್ಪತ್ತು ಎಂಬತ್ತು ಮುಖಗಳು ಸುಮ್ಮನಿರುತ್ತವೆ. ಗಂಟೆ ಬಾರಿಸುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ.

ಹಲವು ವರ್ಷಗಳ ಹಿಂದೆ ಪ್ರಥಮ ಬಿ.ಎಸ್ಸಿ. ತರಗತಿಯ ಹುಡುಗನೊಬ್ಬ ಉಷ್ಣವಿಜ್ಞಾನದ ಆಂತರಿಕ ಪರೀಕ್ಷೆಯಲ್ಲಿ ಉಷ್ಣ ಮತ್ತು ಉಷ್ಣತೆ ಎರಡನ್ನೂ ಒಂದೇ ಎಂದು ತಿಳಿದು ಇಡೀ ಪತ್ರಿಕೆಯನ್ನು ಬರೆದಿದ್ದ. ಕರೆದು ಕೇಳಿದೆ. "ಮೊದಲನೇ ವಾರವೇ ಕೇಳಬೇಕು ಅಂತಿದ್ದೆ ಸಾರ್, ಇಂಗ್ಲಿಷಿನಲ್ಲಿ ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲ" ಎಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಒಂದು ಸಾಲಿನ ಪ್ರಶ್ನೆ ಬಾಯಿಂದ ಹೊರಬರದೆ ಅವನ ಮೂರು ತಿಂಗಳು ಹಾಳಾಗಿದ್ದವು. ನಾನು ಕನ್ನಡದಲ್ಲಿ ಕೇಳಿದ್ದರೂ ಉತ್ತರಿಸುತ್ತಿದ್ದೆ. ಆದರೆ ಅದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಇಂತಹ ಒಂದು ಸಾಲಿನ ಪ್ರಶ್ನೆಯನ್ನು ವಿದ್ಯಾರ್ಥಿಯಿಂದ ಅಧ್ಯಾಪಕನವರೆಗೆ ತಲಪಿಸುವುದು ಹೇಗೆ? ಈ ಸಮಸ್ಯೆಯನ್ನು ಬಿಡಿಸಲು ಜಗತ್ತಿನ ಹಲವು ವಿಶ್ವವಿದ್ಯಾಲಯಗಳು 2007ರ ನಂತರ ಒಂದು ವಿಚಿತ್ರ ಸಾಧನವನ್ನು ಕೈಗೆತ್ತಿಕೊಂಡವು. ಅದೇ ಟ್ವಿಟರ್ ಮುಂತಾದ ಕಿರುಬ್ಲಾಗ್. ಹರಟೆಗೆಂದು ಹುಟ್ಟಿದ ಈ ಸಾಧನ ತರಗತಿಯೊಳಕ್ಕೆ ಬಂದದ್ದು, ಅಲ್ಲಿ ಪರೀಕ್ಷೆಗೆ ಒಳಗಾದದ್ದು, ಕೊನೆಗೆ ಬಹುಮಟ್ಟಿಗೆ ಕೈತಪ್ಪಿ ಹೋದದ್ದು ಒಂದು ಸ್ವಾರಸ್ಯಕರ ಇತಿಹಾಸ. ಅಧ್ಯಾಪಕರು ಇದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಇಂತಹ ಹೊಸ ಸಾಧನಗಳು ಇನ್ನೂ ಬರುತ್ತಲೇ ಇವೆ.

ಪ್ಲೇಟೋ ಎಂಬ ಯಂತ್ರ

ಕಥೆ ಆರಂಭವಾಗುವುದು ಟ್ವಿಟರ್‌ಗಿಂತ ನಾಲ್ಕೂವರೆ ದಶಕ ಮೊದಲು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಲಿಯಾಕ್ ಎಂಬ ದೊಡ್ಡ ಗಣಕವಿತ್ತು. ಅದನ್ನು ಬೋಧನೆಗೆ ಬಳಸಬಹುದೇ ಎಂಬ ಪ್ರಶ್ನೆಯನ್ನು ಎತ್ತಿದವರು ಭೌತವಿಜ್ಞಾನಿ ಚಾಮರ್ಸ್ ಶೆರ್ವಿನ್. ಅದನ್ನು ಮಾಡಿ ತೋರಿಸಿದವರು ವಿದ್ಯುತ್ ಎಂಜಿನಿಯರ್ ಡೊನಾಲ್ಡ್ ಬಿಟ್ಜರ್. 1960ರಲ್ಲಿ ಅವರು ಕಟ್ಟಿದ ವ್ಯವಸ್ಥೆಗೆ ಪ್ಲೇಟೋ ಎಂದು ಹೆಸರಿಟ್ಟರು. ವಿದ್ಯಾರ್ಥಿ ತೆರೆಯ ಮುಂದೆ ಕುಳಿತು ಪಾಠ ಓದಿ, ಕೀಲಿಮಣೆಯ ಮೂಲಕ ಉತ್ತರ ಕೊಡಬೇಕು. ಉತ್ತರ ಸರಿಯೋ ತಪ್ಪೋ ಎಂದು ಗಣಕ ಹೇಳುತ್ತದೆ. ಮುಂದೆ ಈ ವ್ಯವಸ್ಥೆಗಾಗಿಯೇ 1964ರಲ್ಲಿ ಬಿಟ್ಜರ್ ಮತ್ತು ಸಂಗಡಿಗರು ಪ್ಲಾಸ್ಮಾ ತೆರೆಯನ್ನು ರೂಪಿಸಿದರು.

1973ರಲ್ಲಿ ಡೇವಿಡ್ ವುಲಿ ಎಂಬ 17 ವರ್ಷದ ವಿದ್ಯಾರ್ಥಿ ಪ್ಲೇಟೋಗೆ 'ನೋಟ್ಸ್' ಎಂಬ ಭಾಗವನ್ನು ಬರೆದ. ದೋಷಗಳನ್ನು ವರದಿ ಮಾಡಲು ಒಂದು ಫಲಕ ಬೇಕಾಗಿತ್ತು, ಅಷ್ಟೇ ಮೂಲ ಉದ್ದೇಶ. ಒಬ್ಬರು ಒಂದು ಟಿಪ್ಪಣಿ ಬರೆಯುತ್ತಾರೆ, ಅದರ ಕೆಳಗೆ ಇತರರು ಉತ್ತರ ಬರೆಯುತ್ತಾರೆ. ಅದೇ ವರ್ಷ 'ಟಾಕೋಮ್ಯಾಟಿಕ್' ಎಂಬ ಇನ್ನೊಂದು ಕ್ರಮವಿಧಿಯೂ ಬಂತು. ಅದರಲ್ಲಿ ಹಲವರು ಏಕಕಾಲಕ್ಕೆ ಬರಹದ ಮೂಲಕ ಮಾತನಾಡಬಹುದಿತ್ತು. ಪಾಠ ಹೇಳಲೆಂದು ಕಟ್ಟಿದ ಯಂತ್ರವನ್ನು ವಿದ್ಯಾರ್ಥಿಗಳು ಪರಸ್ಪರ ಮಾತನಾಡಲು ಬಳಸಿಕೊಂಡರು. ಮುಂದೆ ಕಿರುಬ್ಲಾಗಿನ ವಿಷಯದಲ್ಲಿ ನಡೆದದ್ದು ಇದರ ತಿರುಗುಮುರುಗು. ಮಾತನಾಡಲೆಂದು ಕಟ್ಟಿದ ಯಂತ್ರವನ್ನು ಅಧ್ಯಾಪಕರು ಪಾಠಕ್ಕೆ ಬಳಸಿಕೊಂಡರು.

ಒಮ್ಮುಖ ರಸ್ತೆ

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಏನು ನಡೆಯುತ್ತಿತ್ತು? 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ 'ಸೈಟ್' ಎಂಬ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲಪಿದವು. ಆ ಆರರಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 'ದೇಶವ್ಯಾಪಿ ತರಗತಿ' ದೂರದರ್ಶನದಲ್ಲಿ ಆರಂಭವಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಕಕ್ಷೆಗೆ ಏರಿತು. ಅದರ ಆರಂಭಿಕ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು.

ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಇವುಗಳ ಮುಖ್ಯ ಹರಿವು ಒಂದೇ ದಿಕ್ಕಿನದು. ಅಧ್ಯಾಪಕ ಹೇಳುತ್ತಾನೆ, ವಿದ್ಯಾರ್ಥಿ ಕೇಳುತ್ತಾನೆ. ಎಜುಸ್ಯಾಟ್‌ನಲ್ಲಿ ತಿರುಗಿ ಮಾತನಾಡುವ ಸೌಲಭ್ಯವಿತ್ತು, ನಿಜ. ಆದರೆ ಎದುರಿಗೇ ಇರುವ ಅಧ್ಯಾಪಕನನ್ನು ಕೇಳಲು ಅಂಜುವ ವಿದ್ಯಾರ್ಥಿ, ನೂರು ಕಾಲೇಜುಗಳು ಕೇಳಿಸಿಕೊಳ್ಳುತ್ತಿರುವಾಗ ಮೈಕ್ ಹಿಡಿಯುತ್ತಾನೆಯೇ?

ಹಾರ್ವರ್ಡಿನ ಪಾಠ

ಈ ಸಮಸ್ಯೆ ನಮ್ಮದು ಮಾತ್ರ ಎಂದು ಭಾವಿಸಬೇಕಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ 1984ರಿಂದ ಭೌತವಿಜ್ಞಾನ ಕಲಿಸುತ್ತಿದ್ದರು. ಒಳ್ಳೆಯ ಅಧ್ಯಾಪಕರೆಂಬ ಹೆಸರಿತ್ತು. ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಒಮ್ಮೆ ಅವರು ಬಲದ ಪರಿಕಲ್ಪನೆಯ ಬಗ್ಗೆ ಸರಳ ಪ್ರಶ್ನೆಗಳ ಪರೀಕ್ಷೆಯೊಂದನ್ನು ಕೊಟ್ಟರು. ದೊಡ್ಡ ಲಾರಿ ಮತ್ತು ಚಿಕ್ಕ ಕಾರು ಢಿಕ್ಕಿ ಹೊಡೆದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂತಹ ಪ್ರಶ್ನೆಗಳು. ನ್ಯೂಟನ್ನನ ಮೂರನೆಯ ನಿಯಮವನ್ನು ಕಂಠಪಾಠ ಹೇಳುವವರೂ ಇಲ್ಲಿ ಎಡವಿದರು. ಒಬ್ಬ ವಿದ್ಯಾರ್ಥಿನಿಯಂತೂ ನೀವು ಕಲಿಸಿದಂತೆ ಬರೆಯಬೇಕೋ, ನಾನು ನಂಬಿರುವಂತೆ ಬರೆಯಬೇಕೋ ಎಂದು ಕೇಳಿದಳಂತೆ.

ಮಜೂರ್ ತಮ್ಮ ವಿಧಾನವನ್ನೇ ಬದಲಿಸಿದರು. 1991ರಿಂದ ಅವರು ಸ್ವಲ್ಪ ಹೊತ್ತು ಪಾಠ ಮಾಡಿ, ಒಂದು ಪ್ರಶ್ನೆ ಕೊಡುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಉತ್ತರ ಸೂಚಿಸಬೇಕು. ನಂತರ ಪಕ್ಕದವರೊಂದಿಗೆ ಚರ್ಚಿಸಿ, ಮತ್ತೊಮ್ಮೆ ಉತ್ತರ ಸೂಚಿಸಬೇಕು. ಇದೇ 'ಸಹಪಾಠಿ ಬೋಧನೆ'. ಮೊದಮೊದಲು ಕೈ ಎತ್ತಿಸುವುದು, ಕಾರ್ಡು ತೋರಿಸುವುದು. ಆಮೇಲೆ ಕ್ಲಿಕರ್ ಎಂಬ ಪುಟ್ಟ ಗುಂಡಿಪೆಟ್ಟಿಗೆಗಳು ಬಂದವು. ಹತ್ತು ವರ್ಷಗಳ ಫಲಿತಾಂಶಗಳನ್ನು ಕ್ಯಾಥರೀನ್ ಕ್ರೌಚ್ ಅವರೊಡನೆ 2001ರಲ್ಲಿ ಪ್ರಕಟಿಸಿದರು. ಪರಿಕಲ್ಪನೆಗಳ ತಿಳಿವು ಗಮನಾರ್ಹವಾಗಿ ಹೆಚ್ಚಿತ್ತು.

ಆದರೆ ಕ್ಲಿಕರ್‌ಗೆ ಒಂದು ಮಿತಿ ಇದೆ. ಅದು ಅಧ್ಯಾಪಕನ ಪ್ರಶ್ನೆಗೆ ವಿದ್ಯಾರ್ಥಿಯ ಉತ್ತರವನ್ನು ತರುತ್ತದೆ; ವಿದ್ಯಾರ್ಥಿಯ ಪ್ರಶ್ನೆಯನ್ನು ತರುವುದಿಲ್ಲ. ಅ, ಆ, ಇ, ಈ ಎಂಬ ನಾಲ್ಕು ಆಯ್ಕೆಗಳಲ್ಲಿ "ನನಗೆ ಇದು ಏಕೆ ಹೀಗೆ ಎಂದೇ ಗೊತ್ತಾಗಲಿಲ್ಲ" ಎನ್ನಲು ಜಾಗವಿಲ್ಲ. ಕಿರುಬ್ಲಾಗ್ ತುಂಬಿದ್ದು ಈ ಜಾಗವನ್ನು.

160ರಿಂದ 140ಕ್ಕೆ

ಕಿರುಬ್ಲಾಗಿನ ಅಳತೆ ಬಂದದ್ದು ಮೊಬೈಲಿನ ಎಸ್ಸೆಮ್ಮೆಸ್‌ನಿಂದ. ಯುರೋಪಿನಲ್ಲಿ ಜಿಎಸ್‌ಎಂ ವ್ಯವಸ್ಥೆ ರೂಪುಗೊಳ್ಳುತ್ತಿದ್ದಾಗ, 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕುಳಿತು ಮನಸ್ಸಿಗೆ ಬಂದ ವಾಕ್ಯಗಳನ್ನು ಬರೆಯುತ್ತ ಅಕ್ಷರಗಳನ್ನು ಎಣಿಸಿದರು. ಬಹುತೇಕ ವಾಕ್ಯಗಳು 160ರೊಳಗೆ ಮುಗಿಯುತ್ತಿದ್ದವು. ಅಂಚೆ ಕಾರ್ಡುಗಳ ಮತ್ತು ಟೆಲೆಕ್ಸ್ ಸಂದೇಶಗಳ ಉದ್ದವೂ ಇದಕ್ಕೆ ಬೆಂಬಲ ಕೊಟ್ಟಿತು. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಬ್ರಿಟನ್ನಿನಲ್ಲಿ ಮೊದಲ ಎಸ್ಸೆಮ್ಮೆಸ್ ಕಳಿಸಿದರು. ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಎಸ್ಸೆಮ್ಮೆಸ್‌ಗೆ ದೊರಕುವ ಜಾಗ 140 ಬೈಟ್, ಅಂದರೆ 140 × 8 = 1120 ಬಿಟ್. ಇಂಗ್ಲಿಷಿನ ಅಕ್ಷರವೊಂದಕ್ಕೆ 7 ಬಿಟ್ ಸಾಕು. ಆದ್ದರಿಂದ 1120 ÷ 7 = 160 ಅಕ್ಷರ. ಕನ್ನಡದ ಸಂಕೇತವೊಂದಕ್ಕೆ 16 ಬಿಟ್ ಬೇಕು. ಆದ್ದರಿಂದ 1120 ÷ 16 = 70 ಮಾತ್ರ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2006ರ ಮಾರ್ಚ್ 21ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಾಕ್ ಡಾರ್ಸಿ ಮೊದಲ ಟ್ವೀಟ್ ಬರೆದರು. ಅದೇ ಜುಲೈನಲ್ಲಿ ಟ್ವಿಟರ್ ಎಲ್ಲರಿಗೂ ತೆರೆಯಿತು. ಸಂದೇಶ ಎಸ್ಸೆಮ್ಮೆಸ್ ಮೂಲಕವೂ ಹೋಗಬೇಕಾಗಿತ್ತು. 160ರಲ್ಲಿ 20 ಅಕ್ಷರಗಳನ್ನು ಬಳಕೆದಾರರ ಹೆಸರಿಗೆ ಬಿಟ್ಟರು, ಉಳಿದದ್ದು 140. ಈ ಪ್ರಸಿದ್ಧ ಮಿತಿಯ ಮೂಲ ಇಷ್ಟೇ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬವರು ಒಂದು ಸಲಹೆ ಕೊಟ್ಟರು. ಒಂದೇ ವಿಷಯದ ಸಂದೇಶಗಳನ್ನು ಗುರುತಿಸಲು ಪದದ ಹಿಂದೆ ಅಡ್ಡಗೆರೆ ಉದ್ದಗೆರೆಗಳ ಜಾಲದಂತಿರುವ ಚಿಹ್ನೆಯನ್ನು ಹಾಕಿದರೆ ಹೇಗೆ? ಇದೇ ಹ್ಯಾಷ್‌ಟ್ಯಾಗ್. ಅಧ್ಯಾಪಕರಿಗೆ ಇದು ವರವಾಯಿತು. ತರಗತಿಗೊಂದು, ವಾರಕ್ಕೊಂದು ಹ್ಯಾಷ್‌ಟ್ಯಾಗ್ ಇಟ್ಟುಕೊಂಡರೆ ಇಡೀ ತರಗತಿಯ ಮಾತುಕತೆ ಒಂದೇ ಕಡೆ ಸಿಗುತ್ತಿತ್ತು.

ತರಗತಿಯ ಬಾಗಿಲಲ್ಲಿ

ಟ್ವಿಟರ್ ಅನ್ನು ಮೊದಮೊದಲು ತರಗತಿಗೆ ತಂದವರಲ್ಲಿ ಡಲ್ಲಾಸ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಪ್ಯಾರಿ ಒಬ್ಬರು. ತಮ್ಮ ಅನುಭವವನ್ನು ಅವರು 2008ರ ಜನವರಿಯಲ್ಲಿ ಬರೆದರು. ಅವರಿಗೆ ಮುಖ್ಯವಾಗಿ ಕಂಡದ್ದು, ಮಾತು ತರಗತಿಯ ಗಂಟೆಯೊಂದಿಗೆ ನಿಲ್ಲದೆ ಹೊರಗೂ ಮುಂದುವರಿದದ್ದು. ಅದೇ ವರ್ಷ ರೊಮೇನಿಯದಲ್ಲಿ ಗೇಬ್ರಿಯೇಲಾ ಗ್ರೋಸೆಕ್ ಮತ್ತು ಕಾರ್ಮೆನ್ ಹೊಲೊಟೆಸ್ಕು ಟ್ವಿಟರ್ ಅನ್ನು ಶಿಕ್ಷಣಕ್ಕೆ ಬಳಸಬಹುದೇ ಎಂಬ ಪ್ರಬಂಧ ಮಂಡಿಸಿದರು. ಹೊಲೊಟೆಸ್ಕು ಅಷ್ಟಕ್ಕೇ ನಿಲ್ಲದೆ ಶಿಕ್ಷಣದ ಅಗತ್ಯಗಳಿಗೆ ಹೊಂದುವ ಬೇರೆ ಕಿರುಬ್ಲಾಗನ್ನೇ ಕಟ್ಟಿದರು. ಅದರ ಹೆಸರು 'ಚಿರಿಪ್'. ರೊಮೇನಿಯನ್ ಭಾಷೆಯಲ್ಲಿ ಚಿಲಿಪಿಲಿ ಎಂದರ್ಥ. ದೊಡ್ಡ ಕಂಪನಿಯ ಸಾಧನವನ್ನು ಬಳಸುವುದೋ, ನಮ್ಮ ಭಾಷೆಗೆ ನಮ್ಮದೇ ಸಾಧನ ಕಟ್ಟಿಕೊಳ್ಳುವುದೋ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

2009ರಲ್ಲಿ ಡಲ್ಲಾಸ್‌ನ ಅದೇ ವಿಶ್ವವಿದ್ಯಾಲಯದಲ್ಲಿ ಮಾನಿಕಾ ರ್‍ಯಾಂಕಿನ್ ಎಂಬ ಇತಿಹಾಸದ ಪ್ರಾಧ್ಯಾಪಕಿ ನಡೆಸಿದ ಪ್ರಯೋಗ ಹೆಚ್ಚು ಹೆಸರಾಯಿತು. ಅವರ ತರಗತಿಯಲ್ಲಿ ಸುಮಾರು 90 ವಿದ್ಯಾರ್ಥಿಗಳು. ಅಷ್ಟು ದೊಡ್ಡ ಸಭಾಂಗಣದಲ್ಲಿ ಚರ್ಚೆಯೆಂದರೆ ಐದಾರು ಮಂದಿ ಮಾತ್ರ ಮಾತನಾಡುವುದು. ರ್‍ಯಾಂಕಿನ್ ಚರ್ಚೆಯ ಪ್ರಶ್ನೆಯನ್ನು ಕೊಟ್ಟು, ಅಭಿಪ್ರಾಯಗಳನ್ನು ಟ್ವೀಟ್ ಮಾಡಲು ಹೇಳಿದರು. ಬಂದ ಟ್ವೀಟ್‌ಗಳೆಲ್ಲ ಮುಂದಿನ ದೊಡ್ಡ ತೆರೆಯ ಮೇಲೆ ಮೂಡುತ್ತಿದ್ದವು. ಸಹಾಯಕರೊಬ್ಬರು ಅವನ್ನು ಗಮನಿಸುತ್ತಿದ್ದರೆ, ಪ್ರಾಧ್ಯಾಪಕಿ ತರಗತಿಯಲ್ಲಿ ಓಡಾಡುತ್ತ ಮಾತನಾಡಿಸುತ್ತಿದ್ದರು. ಫೋನಾಗಲಿ ಲ್ಯಾಪ್‌ಟಾಪ್ ಆಗಲಿ ಇಲ್ಲದವರು ಕಾಗದದಲ್ಲಿ ಬರೆದು ಕೊಡಬಹುದಿತ್ತು. ಚರ್ಚೆಯಲ್ಲಿ ಪಾಲ್ಗೊಂಡವರ ಸಂಖ್ಯೆ ಹಿಂದಿಗಿಂತ ಬಹಳ ಹೆಚ್ಚಿತು. ಅಕ್ಷರಮಿತಿಯಿಂದ ಸುತ್ತಿಬಳಸದೆ ವಿಷಯಕ್ಕೆ ಬರುವ ಅಭ್ಯಾಸವಾಯಿತು. ಆದರೆ ಅದೇ ಮಿತಿಯಿಂದ ಗಹನವಾದ ವಾದಕ್ಕೆ ಅವಕಾಶ ಕಡಿಮೆಯಾಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಅದೇ 2009ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ 'ಹಾಟ್‌ಸೀಟ್' ಎಂಬ ತನ್ನದೇ ಸಾಧನವನ್ನು ಸಿದ್ಧಪಡಿಸಿತು. ಪಾಠ ನಡೆಯುತ್ತಿರುವಾಗಲೇ ವಿದ್ಯಾರ್ಥಿಗಳು ಟ್ವಿಟರ್, ಫೇಸ್‌ಬುಕ್, ಎಸ್ಸೆಮ್ಮೆಸ್ ಯಾವುದರಿಂದಲಾದರೂ ಪ್ರಶ್ನೆ ಕಳಿಸಬಹುದಿತ್ತು. ಕೊಲರಾಡೋ ವಿಶ್ವವಿದ್ಯಾಲಯದ ಡೆನ್ವರ್ ಶಾಖೆಯಲ್ಲಿ ಜೊವಾನಾ ಡನ್‌ಲ್ಯಾಪ್ ಮತ್ತು ಪ್ಯಾಟ್ರಿಕ್ ಲೊವೆಂಥಾಲ್ ಅಂತರಜಾಲದ ಮೂಲಕವೇ ನಡೆಯುವ ಕೋರ್ಸಿನಲ್ಲಿ ಟ್ವಿಟರ್ ಬಳಸಿದರು. ಅವರ ಅನುಭವದಲ್ಲಿ ಮುಖ್ಯ ಲಾಭ ಮಾಹಿತಿಯಲ್ಲ; ಆ ಕಡೆ ಒಬ್ಬ ಮನುಷ್ಯ ಇದ್ದಾನೆ ಎಂಬ ಭಾವನೆ. ದೂರದಿಂದ ಓದುವವರಿಗೆ ಇದು ಸಣ್ಣ ವಿಷಯವಲ್ಲ.

ಅಳತೆಗೋಲು

ಅನುಭವ ಕಥನಗಳು ಎಷ್ಟೇ ಇದ್ದರೂ ವಿಜ್ಞಾನದವರು ಕೇಳುವುದು, ಅಳೆದು ನೋಡಿದಿರಾ ಎಂದು. ಅಳೆದವರಲ್ಲಿ ಪ್ರಮುಖರು ರೆನಾಲ್ ಜುಂಕೊ, ಗ್ರೆಗ್ ಹೈಬರ್ಗರ್ ಮತ್ತು ಎರಿಕ್ ಲೋಕನ್. 2011ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿದ್ದವರು ವೈದ್ಯಕೀಯ ಮುಂತಾದ ವೃತ್ತಿಗಳತ್ತ ಹೊರಟ 125 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳು, ಒಟ್ಟು ಏಳು ವಿಭಾಗಗಳಲ್ಲಿ. ನಾಲ್ಕು ವಿಭಾಗಗಳ 70 ಮಂದಿ 14 ವಾರ ಟ್ವಿಟರ್ ಬಳಸಿದರು. ಮೂರು ವಿಭಾಗಗಳ 55 ಮಂದಿ ಟ್ವಿಟರ್ ಬಳಸಲಿಲ್ಲ. ಪ್ರಶ್ನೆ ಕೇಳುವುದು, ಓದಿದ ಪುಸ್ತಕದ ಚರ್ಚೆ, ಜೊತೆ ಸೇರಿ ಓದುವ ಗುಂಪುಗಳ ಏರ್ಪಾಟು, ಕಷ್ಟದಲ್ಲಿರುವವರಿಗೆ ಧೈರ್ಯದ ಮಾತು ಎಲ್ಲವೂ ಟ್ವಿಟರ್ ಮೂಲಕ ನಡೆದವು. ಕೊನೆಯಲ್ಲಿ ಟ್ವಿಟರ್ ಗುಂಪಿನ ಕಲಿಕೆಯ ತೊಡಗುವಿಕೆ ಹೆಚ್ಚಿತ್ತು. ಸೆಮಿಸ್ಟರಿನ ಸರಾಸರಿ ಅಂಕ, 4ರ ಮಾಪಕದಲ್ಲಿ, ಅವರದು 2.79, ಇನ್ನೊಂದು ಗುಂಪಿನದು 2.28.

ಈ ಫಲಿತಾಂಶ ದೊಡ್ಡ ಸುದ್ದಿಯಾಯಿತು. ಆದರೆ ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗೆ ಮೊದಲು ಕೇಳುವುದೇನು? ಒಂದು ರಾಶಿಯನ್ನು ಬದಲಿಸುವಾಗ ಉಳಿದವನ್ನು ಸ್ಥಿರವಾಗಿ ಇಟ್ಟಿದ್ದೀಯಾ? ಟ್ವಿಟರ್ ಜೊತೆಗೆ ಅಧ್ಯಾಪಕರ ಗಮನವೂ ವಿದ್ಯಾರ್ಥಿಗಳಿಗೆ ಸಿಕ್ಕಿತು. ಫಲ ಕೊಟ್ಟದ್ದು ಟ್ವಿಟರೋ, ಗಮನವೋ? ಇದಕ್ಕೆ ಉತ್ತರದ ಸುಳಿವು ಕೊಟ್ಟದ್ದು ಜುಂಕೊ ಅವರೇ. ಮೈಕೆಲ್ ಎಲಾವ್‌ಸ್ಕಿ ಮತ್ತು ಹೈಬರ್ಗರ್ ಅವರೊಂದಿಗೆ 2013ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ಎರಡು ತರಹದ ತರಗತಿಗಳನ್ನು ಹೋಲಿಸಿದರು. ಟ್ವಿಟರ್ ಬಳಕೆ ಪಾಠದ ಕಡ್ಡಾಯ ಭಾಗವಾಗಿ, ಅಧ್ಯಾಪಕರೂ ಅದರಲ್ಲಿ ಕ್ರಿಯಾಶೀಲರಾಗಿದ್ದ ಕಡೆ ಪ್ರಯೋಜನವಾಯಿತು. ಬೇಕಾದವರು ಬಳಸಿ ಎಂದು ಬಿಟ್ಟು, ಅಧ್ಯಾಪಕರು ಹೆಚ್ಚು ತೊಡಗಿಕೊಳ್ಳದ ಕಡೆ ಪ್ರಯೋಜನ ಕಾಣಲಿಲ್ಲ. ಸಾಧನ ಒಂದೇ, ಫಲಿತಾಂಶ ಬೇರೆ ಬೇರೆ.

ಇನ್ನೊಂದು ಕಡೆಯ ಪುರಾವೆಯೂ ಇದೆ. ಇಟಲಿಯಲ್ಲಿ ಸುಮಾರು 70 ಪ್ರೌಢಶಾಲೆಗಳ 1500ರಷ್ಟು ವಿದ್ಯಾರ್ಥಿಗಳ ಮೇಲೆ ಯಾದೃಚ್ಛಿಕ ಆಯ್ಕೆಯ ಕಟ್ಟುನಿಟ್ಟಿನ ಪ್ರಯೋಗವೊಂದು ನಡೆಯಿತು. ಲುಯಿಜಿ ಪಿರಾಂಡೆಲ್ಲೋ ಅವರ 1904ರ ಕಾದಂಬರಿಯೊಂದನ್ನು ಅರ್ಧದಷ್ಟು ಮಂದಿ ಟ್ವಿಟರ್‌ನಲ್ಲಿ ಸಾಲುಗಳನ್ನು ಹಂಚಿಕೊಂಡು, ಚರ್ಚಿಸಿ ಓದಿದರು. ಉಳಿದವರು ಎಂದಿನ ತರಗತಿ ಪಾಠದಲ್ಲಿ ಓದಿದರು. ಗಿಯಾನ್ ಪಾವೊಲೊ ಬಾರ್ಬೆಟ್ಟ ಮತ್ತು ಸಂಗಡಿಗರು 2019ರಲ್ಲಿ ತಿಳಿಸಿದಂತೆ, ಟ್ವಿಟರ್ ಗುಂಪಿನ ಅಂಕಗಳು ಮಾನಕ ವಿಚಲನೆಯ ಶೇಕಡಾ 25ರಿಂದ 40ರಷ್ಟು ಕೆಳಗಿದ್ದವು. ಚೆನ್ನಾಗಿ ಓದುವ ವಿದ್ಯಾರ್ಥಿಗಳಿಗೇ ನಷ್ಟ ಹೆಚ್ಚಾಗಿತ್ತು. ಅವರು ಕಾಲೇಜಿನವರಲ್ಲ, ವಿಷಯವೂ ಸಾಹಿತ್ಯ. ಆದರೂ ಎಚ್ಚರಿಕೆ ಸ್ಪಷ್ಟ. ದೀರ್ಘವಾಗಿ, ಏಕಾಗ್ರವಾಗಿ ಓದಬೇಕಾದ್ದನ್ನು ತುಣುಕು ಮಾಡಿದರೆ ತಿಳಿವೂ ತುಣುಕಾಗುತ್ತದೆ. 2013ರಲ್ಲಿ ಕೆನಡಾದ ಫರಿಯಾ ಸನಾ, ಟೀನಾ ವೆಸ್ಟನ್, ನಿಕೊಲಸ್ ಸೆಪೆಡ ತೋರಿಸಿದ್ದು ಇನ್ನೊಂದು. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡುವವರ ಅಂಕವಷ್ಟೇ ಅಲ್ಲ, ಆ ತೆರೆ ಕಣ್ಣಿಗೆ ಬೀಳುವ ಪಕ್ಕದವರ ಅಂಕವೂ ಕುಸಿಯುತ್ತದೆ.

ಈ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಕಿರುಬ್ಲಾಗ್ ಪಾಠ ಹೇಳುವ ಸಾಧನವಲ್ಲ, ಪ್ರಶ್ನೆ ಕೇಳುವ ಸಾಧನ. ಪಠ್ಯದ ಜಾಗದಲ್ಲಿ ಅದನ್ನು ಕೂರಿಸಿದಾಗ ಸೋತಿತು. ಮೌನದ ಜಾಗದಲ್ಲಿ ಕೂರಿಸಿದಾಗ ಗೆದ್ದಿತು. ಅದೂ ಆ ಕಡೆ ಓದಿ ಉತ್ತರಿಸುವ ಅಧ್ಯಾಪಕ ಇದ್ದಾಗ ಮಾತ್ರ.

ಕನ್ನಡದ ಲೆಕ್ಕ

ಈಗ ಆ 70ರ ಲೆಕ್ಕಕ್ಕೆ ಬರೋಣ. ಯೂನಿಕೋಡ್‌ನಲ್ಲಿ ಕನ್ನಡದ ಮೂಲಾಕ್ಷರ, ಸ್ವರಚಿಹ್ನೆ, ವಿರಾಮಚಿಹ್ನೆ ಪ್ರತಿಯೊಂದಕ್ಕೂ ಬೇರೆ ಸಂಕೇತವಿದೆ. ನಮ್ಮ ಕಣ್ಣಿಗೆ 'ಭೌತವಿಜ್ಞಾನ' ಎಂಬುದು ಐದೇ ಅಕ್ಷರ. ಗಣಕಕ್ಕೆ ಮಾತ್ರ ಅದು ಹತ್ತು ಸಂಕೇತ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ: ಸ, ಒತ್ತಿನ ಚಿಹ್ನೆ, ತ, ಮತ್ತೆ ಒತ್ತಿನ ಚಿಹ್ನೆ, ರ, ದೀರ್ಘ ಈ. ಹೀಗೆ ಎಣಿಸುತ್ತ ಹೋದರೆ ಒಂದು ಕನ್ನಡ ಎಸ್ಸೆಮ್ಮೆಸ್‌ನಲ್ಲಿ ಎಂಟು ಹತ್ತು ಪದ ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ಆಗಿನ ಅನೇಕ ಫೋನುಗಳಲ್ಲಿ ಕನ್ನಡ ಲಿಪಿಯೇ ಮೂಡುತ್ತಿರಲಿಲ್ಲ. ಆದ್ದರಿಂದಲೇ ನಮ್ಮ ವಿದ್ಯಾರ್ಥಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಕಲಿತರು. 'ಉಷ್ಣ'ಕ್ಕೂ 'ಉಷ್ಣತೆ'ಗೂ ವ್ಯತ್ಯಾಸ ಕೇಳಬೇಕಾದ ಹುಡುಗನಿಗೆ ಅವನ ಭಾಷೆಯೇ ದುಬಾರಿ ಭಾಷೆಯಾಗಿತ್ತು.

ಟ್ವಿಟರ್ ಸಂಕೇತಗಳನ್ನು ಎಣಿಸುತ್ತಿತ್ತೇ ಹೊರತು ಬಿಟ್‌ಗಳನ್ನಲ್ಲ. ಹಾಗಾಗಿ ಅಲ್ಲಿ ಕನ್ನಡಕ್ಕೂ 140 ಸಿಕ್ಕಿತು. 2017ರ ನವೆಂಬರ್‌ನಲ್ಲಿ ಮಿತಿ 280ಕ್ಕೆ ಏರಿದಾಗ ಕನ್ನಡಕ್ಕೂ 280 ಸಿಕ್ಕಿತು. 2020ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 'ಕೂ' ಎಂಬ ಕಿರುಬ್ಲಾಗ್ ಆರಂಭವಾಯಿತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕ ಇದರ ಸ್ಥಾಪಕರು. ಅದು ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲೂ ಅಲ್ಲ, ಕನ್ನಡದಲ್ಲಿ. ಕಿರುಬ್ಲಾಗಿನ ಇತಿಹಾಸದಲ್ಲಿ ಕನ್ನಡಕ್ಕೆ ಸಿಕ್ಕ ಅಪರೂಪದ ಮೊದಲ ಸ್ಥಾನ ಅದು.

ಬಾಗಿಲು ಮುಚ್ಚಿದಾಗ

ಆದರೆ 'ಕೂ' 2024ರ ಜುಲೈನಲ್ಲಿ ಮುಚ್ಚಿಹೋಯಿತು. ಇದು ಒಂದೇ ಉದಾಹರಣೆಯಲ್ಲ. ಶಾಲಾ ಕಾಲೇಜುಗಳಿಗೆಂದೇ 2008ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, ಅನೇಕ ದೇಶಗಳ ಅಧ್ಯಾಪಕರು ನೆಚ್ಚಿಕೊಂಡಿದ್ದ 'ಎಡ್ಮೊಡೊ' 2022ರ ಸೆಪ್ಟೆಂಬರ್ 22ರಂದು ಬಾಗಿಲು ಹಾಕಿತು. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಅನ್ನು ಎಲಾನ್ ಮಸ್ಕ್ ಕೊಂಡರು. 2023ರಲ್ಲಿ ಅದರ ಹೆಸರು 'ಎಕ್ಸ್' ಎಂದಾಯಿತು. ಅದೇ ವರ್ಷ ಸಂಶೋಧಕರಿಗೆ ಅಲ್ಲಿನ ಮಾಹಿತಿಯನ್ನು ಉಚಿತವಾಗಿ ಪಡೆಯಲು ಇದ್ದ ದಾರಿಯೂ ಮುಚ್ಚಿತು. ಹ್ಯಾಷ್‌ಟ್ಯಾಗ್‌ಗಳ ಸುತ್ತ ಪಾಠ ಕಟ್ಟಿಕೊಂಡಿದ್ದ ಅಧ್ಯಾಪಕರು, ಅವುಗಳನ್ನು ಅಧ್ಯಯನ ಮಾಡುತ್ತಿದ್ದವರು ಇಬ್ಬರೂ ಬೇರೆ ನೆಲೆ ಹುಡುಕಬೇಕಾಯಿತು. ಕೆಲವರು 2016ರಲ್ಲಿ ಜರ್ಮನಿಯ ಯೂಜೆನ್ ರೊಖ್ಕೊ ಆರಂಭಿಸಿದ 'ಮಾಸ್ಟೊಡಾನ್'ಗೆ ಹೋದರು. ಅದರಲ್ಲಿ ಒಬ್ಬನೇ ಯಜಮಾನನಿಲ್ಲ. ಯಾವ ವಿಶ್ವವಿದ್ಯಾಲಯ ಬೇಕಾದರೂ ತನ್ನದೇ ಸರ್ವರ್ ನಡೆಸಬಹುದು.

ಕಪ್ಪುಹಲಗೆ ಕಾಲೇಜಿನ ಆಸ್ತಿ. ಅದನ್ನು ಯಾರೂ ರಾತ್ರೋರಾತ್ರಿ ಕಿತ್ತುಕೊಂಡು ಹೋಗುವುದಿಲ್ಲ. ಖಾಸಗಿ ಕಂಪನಿಯ ಜಾಲತಾಣ ಹಾಗಲ್ಲ. ಅಲ್ಲಿ ನಾವು ಬಾಡಿಗೆದಾರರೂ ಅಲ್ಲ. ಬಾಡಿಗೆ ಕೊಡದ ಅತಿಥಿಗಳು. ಇನ್ನೊಂದು ವಿಷಯವನ್ನೂ ಮರೆಯಬಾರದು. ತರಗತಿಯಲ್ಲಿ ಕೇಳಿದ ದಡ್ಡ ಪ್ರಶ್ನೆ ಗಂಟೆಯೊಂದಿಗೆ ಮರೆತುಹೋಗುತ್ತದೆ. ಸಾರ್ವಜನಿಕ ಜಾಲದಲ್ಲಿ ಕೇಳಿದ ದಡ್ಡ ಪ್ರಶ್ನೆ ಹೆಸರಿನ ಸಮೇತ ಉಳಿಯುತ್ತದೆ. ಹದಿನೆಂಟು ವರ್ಷದ ವಿದ್ಯಾರ್ಥಿಗೆ ತಪ್ಪು ಮಾಡುವ ಹಕ್ಕು ಇರಬೇಕು; ಆ ತಪ್ಪು ಮರೆತುಹೋಗುವ ಹಕ್ಕೂ ಇರಬೇಕು.

ನಮ್ಮ ತರಗತಿಗೆ

ಹಾಗಾದರೆ ಈ ಇತಿಹಾಸದಿಂದ ನಾವು ಪಡೆಯಬೇಕಾದ್ದೇನು? ರ್‍ಯಾಂಕಿನ್ ಅವರ ತರಗತಿಯ ವಿವರ ಓದಿದಾಗ ನನ್ನ ಗಮನ ಸೆಳೆದದ್ದು ದೊಡ್ಡ ತೆರೆಯಲ್ಲ, ಫೋನಿಲ್ಲದವರಿಗೆ ಕೊಟ್ಟ ಕಾಗದದ ಅವಕಾಶ. ನಮ್ಮ ಕಾಲೇಜಿನಲ್ಲಿ ಆಗ ಎಲ್ಲರ ಬಳಿ ಅಂತರಜಾಲದ ಫೋನ್ ಇರಲಿಲ್ಲ. ನಾನು ಕಾಗದವನ್ನೇ ಹಿಡಿದೆ. ಪಾಠ ಮುಗಿಯಲು ಐದು ನಿಮಿಷ ಇರುವಾಗ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಬೇಕು. ಹೆಸರು ಬೇಡ. ಕನ್ನಡ, ಇಂಗ್ಲಿಷ್ ಯಾವುದಾದರೂ ಸರಿ. ಬಾಗಿಲ ಬಳಿಯ ರಟ್ಟಿನ ಡಬ್ಬದಲ್ಲಿ ಹಾಕಿ ಹೋಗಬೇಕು. ಮರುದಿನದ ಮೊದಲ ಹತ್ತು ನಿಮಿಷ ಆ ಚೀಟಿಗಳಿಗೆ ಮೀಸಲು.

ಮೊದಲ ದಿನ ಬಹಳಷ್ಟು ಚೀಟಿಗಳು ಖಾಲಿ ಇದ್ದವು. ಒಂದೆರಡರಲ್ಲಿ ಸಿನಿಮಾ ಹೆಸರುಗಳಿದ್ದವು. ಮೂರನೆಯ ವಾರದಲ್ಲಿ ಒಂದು ಚೀಟಿ ಸಿಕ್ಕಿತು: "ಕೋಣೆ ಬಾಗಿಲು ಮುಚ್ಚಿ ಫ್ರಿಜ್ ಬಾಗಿಲು ತೆಗೆದಿಟ್ಟರೆ ಕೋಣೆ ತಣ್ಣಗಾಗುತ್ತಾ?" ನಾನು ಉಷ್ಣಗತಿವಿಜ್ಞಾನದ ನಿಯಮಗಳನ್ನು ಎರಡು ವಾರ ವಿವರಿಸಿದ್ದೆ. ಆ ಎರಡು ವಾರಗಳ ಪಾಠ ಅವರಿಗೆ ತಲಪಿತೋ ಇಲ್ಲವೋ ಎಂಬುದು ಆ ಒಂದು ಸಾಲಿನ ಚರ್ಚೆಯಲ್ಲಿ ಬಯಲಾಯಿತು. ಹೆಚ್ಚಿನವರು ತಣ್ಣಗಾಗುತ್ತದೆ ಎಂದರು. ಫ್ರಿಜ್ ಒಳಗಿನಿಂದ ತೆಗೆದ ಉಷ್ಣವನ್ನು ಹಿಂಬದಿಯಿಂದ ಅದೇ ಕೋಣೆಗೆ ಬಿಡುತ್ತದೆ, ಜೊತೆಗೆ ಅದು ಬಳಸುವ ವಿದ್ಯುತ್ತಿನ ಶಕ್ತಿಯೂ ಉಷ್ಣವಾಗಿ ಸೇರುತ್ತದೆ, ಆದ್ದರಿಂದ ಒಟ್ಟಾರೆ ಕೋಣೆ ಬಿಸಿಯೇ ಆಗುತ್ತದೆ ಎಂಬುದನ್ನು ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಹೇಳಿದಳು. ಅಲ್ಲಿಯವರೆಗೆ ಅವಳ ದನಿಯನ್ನು ನಾನು ಹಾಜರಿ ಕರೆಯುವಾಗ ಮಾತ್ರ ಕೇಳಿದ್ದೆ.

ಚೀಟಿಗೂ ಮಿತಿಗಳಿವೆ. ಅದು ರಾತ್ರಿ ಹತ್ತಕ್ಕೆ ಹುಟ್ಟುವ ಸಂದೇಹವನ್ನು ತರುವುದಿಲ್ಲ. ಒಬ್ಬರ ಪ್ರಶ್ನೆಗೆ ಇನ್ನೊಬ್ಬ ಸಹಪಾಠಿ ಕೂಡಲೇ ಉತ್ತರಿಸುವಂತೆ ಮಾಡುವುದಿಲ್ಲ. ಫೋನ್ ಎಲ್ಲರ ಕೈಗೂ ಬಂದ ಮೇಲೆ ತರಗತಿಗೊಂದು ಮೊಬೈಲ್ ಗುಂಪನ್ನೂ ಮಾಡಿಕೊಂಡೆವು. ಆದರೆ ಗುಂಪಿನಲ್ಲಿ ಹೆಸರು ಕಾಣುತ್ತದೆ. ಆದ್ದರಿಂದ ಡಬ್ಬವನ್ನೂ ತೆಗೆಯಲಿಲ್ಲ.

ಈ ದಾರಿ ಹಿಡಿಯಬೇಕೆಂದಿರುವ ಅಧ್ಯಾಪಕ ಮಿತ್ರರಿಗೆ ಇತಿಹಾಸ ಹೇಳುವ ಕೆಲವು ಮಾತುಗಳಿವೆ. ಸಾಧನ ಯಾವುದೇ ಇರಲಿ, ಅದನ್ನು ಪಾಠದ ಅಂಗವಾಗಿಸಿ; ಬೇಕಾದವರು ಬಳಸಲಿ ಎಂದು ಬಿಟ್ಟರೆ ಮೊದಲೇ ಮಾತನಾಡುವವರು ಮಾತ್ರ ಅಲ್ಲೂ ಮಾತನಾಡುತ್ತಾರೆ. ಬಂದ ಪ್ರಶ್ನೆಗಳನ್ನು ನೀವೇ ಓದಿ, ಉತ್ತರಿಸಿ. ಉತ್ತರ ಬಾರದ ಪೆಟ್ಟಿಗೆಗೆ ಯಾರೂ ಎರಡನೆಯ ಚೀಟಿ ಹಾಕುವುದಿಲ್ಲ. ಪುಸ್ತಕವನ್ನು ಪುಸ್ತಕವಾಗಿಯೇ ಓದಿಸಿ. ಒಳ್ಳೆಯ ಪ್ರಶ್ನೆಗಳನ್ನು ನಿಮ್ಮದೇ ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾವ ಜಾಲತಾಣ ಯಾವಾಗ ಮುಚ್ಚುತ್ತದೆ ಎಂದು ಹೇಳಲಾಗದು. ಎಲ್ಲಕ್ಕಿಂತ ಮೊದಲು, ವರ್ಷದ ಮೊದಲ ದಿನವೇ ಕನ್ನಡದಲ್ಲಿ ಕೇಳಬಹುದು ಎಂದು ತರಗತಿಗೆ ಬಾಯಿಬಿಟ್ಟು ಹೇಳಿ. ಇದಕ್ಕೆ ವಿದ್ಯುತ್ತೂ ಬೇಡ, ಅಂತರಜಾಲವೂ ಬೇಡ. ಆ ಹುಡುಗನಿಗೆ ನಾನು ಅಂದು ಹೇಳದೆ ಬಿಟ್ಟದ್ದು ಅದೊಂದೇ ವಾಕ್ಯ.